ಮೇಲಕ್ಕೆ ಮಾತ್ರ ತಿದ್ದುವ ತೇವಾಂಶ

ಕಂಪ್ಲಿಯ ರೈಸ್ ಮಿಲ್ಲಿಗೆ ನಾವು ಕೊಟ್ಟ ಸಾಫ್ಟ್‌ವೇರಿನಲ್ಲಿ ಏನೇನು ಬದಲಾಗಬೇಕೆಂದು ಬರೆದುಕೊಳ್ಳಲು ಹೋಗಿದ್ದೆ.

"ಭತ್ತದ ತೇವಾಂಶ ಮಿಷನ್ ತೋರಿಸಿದ ಮ್ಯಾಲೂ ತಿದ್ದಾಕ ಬರಂಗ ಮಾಡ್ರಿ," ಅಂದರು ಮಿಲ್ಲಿನ ಸಾಹುಕಾರರು. "ಒಮ್ಮೊಮ್ಮೆ ತಪ್ಪು ತೋರಸ್ತೈತಿ."

"ಮೇಲಕ್ಕೆ ತಿದ್ದಬೇಕೋ, ಕೆಳಕ್ಕೋ?" ಕೇಳುವುದೇ ನನ್ನ ಕೆಲಸ.

"ಮ್ಯಾಲಕ ಅಷ್ಟ ಸಾಕ್ರಿ."

ತೇವ ಹೆಚ್ಚಿದಷ್ಟೂ ರೈತನಿಗೆ ಸಿಗುವ ದರ ಇಳಿಯುತ್ತದೆ. ಅದು ಗೊತ್ತಿದ್ದೂ 'ಬಳಕೆದಾರಸ್ನೇಹಿ ತಿದ್ದುಪಡಿ' ಎಂದು ಬರೆದುಕೊಂಡೆ. ಇಂಥದ್ದಕ್ಕೆ ಮರ್ಯಾದಸ್ಥ ಹೆಸರು ಹುಡುಕುವುದೂ ನನ್ನ ಕೆಲಸವೇ.

ಹೊರಗೆ ಭತ್ತದ ಚೀಲದ ಮೇಲೆ ಕೂತಿದ್ದ ಮೆಟ್ರಿ ಹಳ್ಳಿಯ ರೈತರೊಬ್ಬರು ನನ್ನನ್ನು ಕಂಡು ಎದ್ದು ನಿಂತರು.

"ಕಂಪ್ಯೂಟರ್ ಹಾಕೋರು ನೀವ ಏನ್ರಿ? ಭಾಳ ಚಲೋ ಆತು ಬಿಡ್ರಿ. ಇನ್ನ ತೇವದಾಗ ಯಾರೂ ಕೈಯಾಡ್ಸಾಕ ಆಗಂಗಿಲ್ಲ, ಹೌದಲ್ರಿ?"

ಹೌದು ಅಂದೆ. ಅವರೇನು ನಮ್ಮ ಕ್ಲೈಂಟ್ ಅಲ್ಲವಲ್ಲ.