ನಗೋಯಾದ ಬೆಳಗಿನ ಸಾಲು

ಜಪಾನಿನ ನಗೋಯಾದ ಈ ಕಾರು ರಿಪೇರಿ ಶಾಲೆಯಲ್ಲಿ ಪಾಠಕ್ಕೆ ಮೊದಲು ವ್ಯಾಯಾಮ. ಸ್ಪೀಕರಿನ ದನಿ ಎಣಿಸಿದಂತೆಲ್ಲ ಎಲ್ಲರೂ ಸಾಲಾಗಿ ನಿಂತು ಕೈಯೆತ್ತುತ್ತಾರೆ. ವಾರದ ಮಟ್ಟಿಗೆ ದುಭಾಷಿಯಾಗಿ ಬಂದ ನಾನೂ ಎತ್ತಿದೆ. ತರಬೇತಿಗೆ ಬಂದಿದ್ದ ಉಗಾಂಡಾದ ಒಕೆಲೊ ಮಾತ್ರ ಗೇಟಿನ ಹತ್ತಿರ ಒಬ್ಬನೇ ನಿಂತಿದ್ದ.

ಹನ್ನೊಂದನೇ ವಯಸ್ಸಿನಲ್ಲಿ ಬಂಡುಕೋರರು ಅವನನ್ನು ಎಳೆದೊಯ್ದು ಕೈಗೆ ಬಂದೂಕು ಕೊಟ್ಟು ಸಾಲಿನಲ್ಲಿ ನಿಲ್ಲಿಸಿದ್ದರಂತೆ. ಈಗ ಊರಿನಲ್ಲಿ, ತನ್ನಂತೆಯೇ ತಪ್ಪಿಸಿಕೊಂಡು ಬಂದವರಿಗೆ ರಿಪೇರಿ ಕೆಲಸ ಕಲಿಸುತ್ತಾನೆ.

“ಕೆಲಸ ಎಷ್ಟು ಬೇಕಾದ್ರೂ ಮಾಡ್ತೀನಿ. ಸಾಲಲ್ಲಿ ಮಾತ್ರ ನಿಲ್ಲಲ್ಲ. ಯಾಕೆ ಅಂತ ಇಲ್ಲಿ ಯಾರಿಗೂ ಹೇಳ್ಬೇಡ,” ಎಂದ.

ಮೇಷ್ಟ್ರು ಹಯಾಶಿ ಸಾನ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: “ಅವರಿಗೆ ಬೆನ್ನು ನೋವಾ?”

ಹೌದು ಅಂದುಬಿಟ್ಟೆ.

ಮಧ್ಯಾಹ್ನ ಅವರು ನೋವಿಗೆ ಅಂಟಿಸುವ ಔಷಧಿ ಪಟ್ಟಿಯ ಪ್ಯಾಕೆಟ್ ತಂದು, ತಲೆಬಾಗಿ, ಎರಡೂ ಕೈಯಿಂದ ಒಕೆಲೊಗೆ ಕೊಟ್ಟರು. ಅವನೂ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವರು ಹೋದ ಮೇಲೆ ಪಟ್ಟಿಯೊಂದನ್ನು ಬಿಡಿಸಿ ಬೆನ್ನ ಹಿಂದೆ ಕೈ ತಿರುಚಿದ. ಎಟುಕಲಿಲ್ಲ.

“ನೋವೇ ಇಲ್ವಲ್ಲ, ಬಿಡು,” ಎಂದೆ.

“ಪಾಪ, ತಂದ್ಕೊಟ್ಟಿದ್ದಾರೆ,” ಎಂದು ಪಟ್ಟಿಯನ್ನು ನನ್ನ ಕೈಗಿತ್ತು, ಆ ಕಡೆ ತಿರುಗಿ ಅಂಗಿ ಎತ್ತಿದ.

“ಎಲ್ಲಿಗೆ ಅಂಟಿಸ್ಲಿ?”

ಅವನು ಅಂಗಿಯನ್ನು ಇನ್ನೂ ಸ್ವಲ್ಪ ಮೇಲೆತ್ತಿದ.

“ಎಲ್ಲಾದ್ರೂ ಸರಿ.”