ಮಠದ ಕಲ್ಲಿನ ಜಾಲರಿ ಮತ್ತು ನಮ್ಮ ಅಕ್ಕೋರು

ನಮಗೆ ಚಿತ್ರಕಲೆ ಕಲಿಸಿದ ಅಕ್ಕೋರ ಬಲಗೈ ಹೆಬ್ಬೆರಳಿನ ತುದಿ ಕೈವಾರ ತಿರುಗಿಸಿ ತಿರುಗಿಸಿ ಗಂಟು ಕಟ್ಟಿತ್ತು. ಗೆರೆ ಸೊಟ್ಟಗಾದರೆ ಆ ಗಂಟೇ ನಮ್ಮ ನೆತ್ತಿಗೆ ಬಡಿಯುತ್ತಿತ್ತು.

ಗಡಹಿಂಗ್ಲಜದ ನಮ್ಮ ಓಣಿಯ ಮಠದಲ್ಲಿ ಗದ್ದುಗೆಯ ಪಕ್ಕದ ಗೋಡೆಗೆ ಆಳೆತ್ತರದ ಕಲ್ಲಿನ ಜಾಲರಿ ಇತ್ತು. ಎಂಟು ಮೂಲೆಯ ಚುಕ್ಕಿಗಳು ಒಂದರ ತೋಳು ಇನ್ನೊಂದು ಹಿಡಿದುಕೊಂಡಂತೆ ಹೆಣೆದ ನಕ್ಷೆ. ಹಿಂದಿನ ಸ್ವಾಮಿಗಳೊಬ್ಬರು ವಿಜಾಪುರದಿಂದ ಮುಸಲ್ಮಾನ ಕಲ್ಲುಕುಟಿಗರನ್ನು ಕರೆಸಿ ಮಾಡಿಸಿದ್ದೆಂದು ಹಿರಿಯರು ಹೇಳುತ್ತಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಅಕ್ಕೋರು ನಮ್ಮನ್ನು ಅದರ ಮುಂದೆ ಕೂರಿಸಿ ಬರೆಸುತ್ತಿದ್ದರು.

“ನಕ್ಷಿ ಎಲ್ಲಿಂದ ಸುರು ಆಗೇತಿ, ಹುಡುಕ್ರಿ.”

ನಾವು ಸೋತಾಗ ನಗುತ್ತಿದ್ದರು. “ಇರಾನದಿಂದ ಊರೂರು ದಾಟಿ ಬಂದೈತಿ. ಅದಕ್ಕ ಸುರುವಾತೂ ಇಲ್ಲ, ಮುಗಿಯೂದೂ ಇಲ್ಲ.”

ಮುಗಿಸಿದವರು ನಾವು. ಹೋದ ವರ್ಷ ಮಠದ ಜೀರ್ಣೋದ್ಧಾರಕ್ಕೆ ಕಮಿಟಿಯಾಯಿತು. ಅಧ್ಯಕ್ಷ ಶಾಲೆಯಲ್ಲಿ ನನ್ನದೇ ವರ್ಗದವನು, ಅಕ್ಕೋರ ಶಿಷ್ಯ. ಜಾಲರಿ ಕೆಡವಿ ಗ್ರಾನೈಟ್ ಹಾಕಿಸುತ್ತಾನಂತೆ ಎಂದು ಕೇಳಿ ನಾನೀಗ ಇರುವ ಇಚಲಕರಂಜಿಯಿಂದ ಓಡಿ ಬಂದೆ. ನಿವೃತ್ತರಾಗಿ, ಮೊಣಕಾಲು ನೋವಿನಿಂದ ಮನೆ ಹಿಡಿದಿದ್ದ ಅಕ್ಕೋರು ಜಾಲರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದರು.

“ಅಕ್ಕೋರ, ಉಗೀಚ, ಸುಮ್ ಸುಮ್ನ ಹಟಾ ಮಾಡಬ್ಯಾಡ್ರಿ,” ಎಂದ ಅಧ್ಯಕ್ಷ. “ಇದು ನಮ್ಮ ನಕ್ಷಿ ಅಲ್ಲ, ಅವರದು.”

“ನಿಮ್ಮ ಮುತ್ತ್ಯಾ ಇದರ ಬೆಳಕಿನಾಗ ಕುಂತು ಲಿಂಗಪೂಜಿ ಮಾಡ್ಯಾನ. ಅಂವಗ ತಿಳೀಲಾರದ್ದು ನಿನಗ ತಿಳೀತೇನೋ?”

ಅವನು ಹಿಂದೆ ನಿಂತವರಿಗೆ ಕಣ್ಸನ್ನೆ ಮಾಡಿದ. ಇಬ್ಬರು ಬಂದು ಅಕ್ಕೋರ ತೋಳು ಹಿಡಿದು ಎತ್ತಿದರು. ಅವರೂ ಶಿಷ್ಯರೇ, ಪೆನ್ಸಿಲ್ ಹಿಡಿಯುವುದನ್ನು ಅಕ್ಕೋರಿಂದಲೇ ಕಲಿತ ಕೈಗಳು! ಅಡ್ಡ ಹೋದ ನನ್ನನ್ನು ತಳ್ಳಿದರು. ಅಕ್ಕೋರನ್ನು ಅಂಗಳದ ಕಟ್ಟೆಗೆ ಒಯ್ದು ಕೂರಿಸಿ ಸುತ್ತಿಗೆ ಎತ್ತಿದರು. ಓಣಿಯ ಜನ ನಿಂತು ನೋಡಿದರು.

ನಾನು ಮುಖ ತಿರುಗಿಸಿದಾಗ ಅಕ್ಕೋರು ಗದರಿದರು: “ಕಣ್ಣ ಮುಚ್ಚಬ್ಯಾಡ. ಯಾರು ಒಡದ್ರು ಅನ್ನೂದು ನೋಡಿ ಇಟಗೊ.”

ಆಮೇಲೆ ಅವರು ಮಠದ ಮೆಟ್ಟಿಲು ಹತ್ತಲಿಲ್ಲ. ಈ ಶ್ರಾವಣದಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬರುವಷ್ಟರಲ್ಲಿ ಚೌಕದಲ್ಲಿ ಫ್ಲೆಕ್ಸ್ ಎದ್ದಿತ್ತು: ‘ಕಲಾತಪಸ್ವಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಅಕ್ಕೋರ ಫೋಟೋ ಅಂಗೈಯಷ್ಟು. ಕೈಮುಗಿದು ನಿಂತ ಅಧ್ಯಕ್ಷನದು ಅದರ ನಾಲ್ಕುಪಟ್ಟು.

ಪಕ್ಕದ ಅಂಗಡಿಯಿಂದ ಕುಡಗೋಲು ಇಸಿದುಕೊಂಡು ಹಗ್ಗ ಕೊಯ್ದೆ. ಅಧ್ಯಕ್ಷ ಓಡಿ ಬಂದ. “ಏ, ಏನ್ ಮಾಡಾಕತ್ತಿ? ಅಕ್ಕೋರಿಗೆ ಅಪಮಾನ ಆಗ್ತೈತಿ!”

“ಬದುಕಿದ್ದಾಗ ಎತ್ತಿ ಹೊರಗ ಹಾಕಿಸಿದಿ,” ಎಂದೆ. “ಸತ್ತ ಮ್ಯಾಲ ನಿನ್ನ ಬಗಲಾಗ ನಿಂದರ್ಸಾಕ ನಾ ಬಿಡಂಗಿಲ್ಲ.”