ಅಲಸಂದೆ ಸುತ್ತುವ ದಿಕ್ಕು

ಸುಯಿಂಗ್ ಹಾಕಿದ ಚಪ್ಪರ ನೋಡಿದವರು ಮೊದಮೊದಲು ನಗುತ್ತಿದ್ದರು. ತುವೋ ನದಿ ದಂಡೆಯ ಆ ಓಣಿಯಲ್ಲಿ ಎಲ್ಲರ ಹಿತ್ತಲಲ್ಲೂ ಬಿದಿರಿನ ಚಪ್ಪರವಿತ್ತು. ಆದರೆ ಸೈಕಲ್ಲಿನ ಹಳೇ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅದರಲ್ಲೇ ಗಂಟು ಹಾಕಿದವಳು ಅವಳೊಬ್ಬಳೇ. ಎರಡು ಸಾಲು ಗಳ ನೆಟ್ಟು, ತುದಿಗೆ ತುದಿ ತಾಗಿಸಿ ಬಿಗಿದರೆ ಮುಗಿಯಿತು. ಗಾಳಿ ಬಂದರೆ ರಬ್ಬರು ಜಗ್ಗುತ್ತದೆ, ಹರಿಯುವುದಿಲ್ಲ. ನಕ್ಕವರೇ ಮರುವರ್ಷ ಟ್ಯೂಬು ಕೇಳಿಕೊಂಡು ಬಂದರು. ಟ್ಯೂಬಿಗೇನು ಬರವಿರಲಿಲ್ಲ. ಗಂಡ ಲಾವ್ ತಾಂಗ್ ನಲವತ್ತು ವರ್ಷ ಸೇತುವೆಯ ಬುಡದಲ್ಲಿ ಸೈಕಲ್ ರಿಪೇರಿ ಮಾಡಿದವನು.

ಹೋದ ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅದರ ಹಿಂದೆಯೇ ಮನಸ್ಸೂ ಬಿತ್ತು. ಗೋಡೆ ನೋಡುತ್ತ ಕೂರುವುದೊಂದೇ ಕೆಲಸ. ಇಷ್ಟದ ಖಾರದ ಶಾವಿಗೆ ಕೊಟ್ಟರೂ ಎರಡು ತುತ್ತಿಗೆ ಬಟ್ಟಲು ಸರಿಸಿಬಿಡುತ್ತಿದ್ದ. ಹೀಗೇ ಬಿಟ್ಟರೆ ಇವನು ಬೇಸಿಗೆ ದಾಟುವುದಿಲ್ಲ ಎಂದು ಸುಯಿಂಗಳಿಗೆ ಭಯವಾಯಿತು. ಅದಕ್ಕೇ ಉದ್ದ ಅಲಸಂದೆಯ ಹದಿಮೂರು ಬಳ್ಳಿಗಳನ್ನು ಅವನಿಗೆ ಒಪ್ಪಿಸಿದಳು. ಎಡಗೈ ಇದೆಯಲ್ಲ, ಕುಡಿಗಳನ್ನು ಗಳಕ್ಕೆ ಸುತ್ತಿದರೆ ಸಾಕು ಎಂದಳು.

ಅವನು ಗೊಣಗುತ್ತಲೇ ಸುತ್ತಿದ. ಬೆಳಗಾದರೆ ಹದಿಮೂರೂ ಕಳಚಿಕೊಂಡು ನೇತಾಡುತ್ತಿದ್ದವು. ಅವನು ಏಳುವ ಮೊದಲೇ ಸುಯಿಂಗ್ ಹೋಗಿ ಮತ್ತೆ ಸುತ್ತಿಟ್ಟಳು. ಮರುದಿನವೂ ಅದೇ ಕತೆ. ಅವಳು ಸುತ್ತಿದ್ದು ನಿಲ್ಲುತ್ತಿತ್ತು. ಹೊಸದಾಗಿ ಬೆಳೆದಷ್ಟನ್ನು ಅವನು ಸುತ್ತಿದರೆ ಕಳಚುತ್ತಿತ್ತು. ಯಾಕೆಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೋ ಹುಮ್ಮಸ್ಸು ಬಂದಿತ್ತು, ಶಾವಿಗೆ ಬಟ್ಟಲು ಖಾಲಿಯಾಗುತ್ತಿತ್ತು. ಸುಳ್ಳಿನಿಂದಲಾದರೂ ಹೊಟ್ಟೆ ತುಂಬುತ್ತಿದೆಯಲ್ಲ, ಇರಲಿ ಎಂದುಕೊಂಡಳು.

ಐದನೆಯ ಬೆಳಗ್ಗೆ ಅವಳು ಸುತ್ತುತ್ತಿದ್ದಾಗ ಅವನು ಹಿತ್ತಲ ಬಾಗಿಲಲ್ಲಿ ನಿಂತಿದ್ದ.

“ಹಂಗಾದ್ರೆ ನಿಂತಿದ್ದೆಲ್ಲಾ ನಿಂದು, ಬಿದ್ದಿದ್ದೆಲ್ಲಾ ನಂದು,” ಎಂದ. “ನನ್ನೇನು ಎಳೇ ಮಗು ಅಂದ್ಕೊಂಡ್ಯಾ?”

ಹೋಗಿ ಮತ್ತೆ ಗೋಡೆಗೆ ಮುಖ ಮಾಡಿ ಕುಳಿತ. ಸುಯಿಂಗಳಿಗೆ ನಾಚಿಕೆಯಾಯಿತು. ಮಧ್ಯಾಹ್ನ ಅವನೆದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ನಿಂದ್ಯಾಕೆ ಬೀಳತ್ತೆ ಅಂತ ನಂಗೂ ಗೊತ್ತಿಲ್ಲ ಕಣೋ ಮುದುಕಾ. ನಲವತ್ತು ವರ್ಷ ಕೆಟ್ಟಿದ್ದನ್ನ ಬಿಚ್ಚಿ ನೋಡ್ದೋನು ನೀನು. ನೀನೇ ಬಂದು ನೋಡು.”

ಕೆಟ್ಟಿದೆ ಎಂದರೆ ಅವನ ಕಿವಿ ನೆಟ್ಟಗಾಗುತ್ತದೆ. ಸ್ಟೂಲು ಹಾಕಿಸಿಕೊಂಡು, ಒಂದು ಕುಡಿಯ ಪಕ್ಕದಲ್ಲಿ ಗುರುತಿಗೆ ಕಡ್ಡಿ ನೆಟ್ಟು ಕೂತ. ಚಹಾ ಆರಿಹೋಯಿತು. ಒಂದು ಗಂಟೆಯಲ್ಲಿ ಕುಡಿ ಕಡ್ಡಿ ಬಿಟ್ಟು ಸರಿದು ಅರ್ಧ ಸುತ್ತು ಬಂದಿತ್ತು. ಅದನ್ನೇ ನೋಡುತ್ತ ಎಡಗೈಯನ್ನು ಗಾಳಿಯಲ್ಲಿ ನಟ್ಟು ಬಿಗಿಯುವ ಹಾಗೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ.

“ಥೂ, ನಾನು ಬಿಗಿಯೋ ಕಡೆ ಸುತ್ತಿದ್ದೀನಿ. ಇದು ಬಿಚ್ಚೋ ಕಡೆ ಹೋಗತ್ತೆ ಕಣೇ.”

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಅಲಸಂದೆಗೂ ಸಲ್ಲುತ್ತದೆ, ನಟ್ಟು ಬಿಗಿದ ಕೈಗೂ ಸಲ್ಲುತ್ತದೆ. ಆ ಸಂಜೆ ಹದಿಮೂರನ್ನೂ ಬಿಚ್ಚುವ ಕಡೆಗೇ ಸುತ್ತಿ, ಬೆಳಗ್ಗೆ ಒಂದನ್ನೂ ಮುಟ್ಟಕೂಡದೆಂದು ಹೆಂಡತಿಗೆ ತಾಕೀತು ಮಾಡಿದ.

ಬೆಳಗ್ಗೆ ಸುಯಿಂಗ್ ಹಿತ್ತಲಿಗೆ ಹೋದರೆ ಎರಡು ಕುಡಿ ಜೋತುಬಿದ್ದಿದ್ದವು. ಎಡಗೈಯ ಸುತ್ತು, ಸಡಿಲವಾಗಿತ್ತು. ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಕಷ್ಟಪಟ್ಟು ಹಿಂದಕ್ಕೆಳೆದುಕೊಂಡಳು.

ಅವನು ಚಪ್ಪರದ ಒಂದೊಂದೇ ಗಳ ಹಿಡಿದುಕೊಂಡು ಬಂದ. ನಿಂತ ಬಳ್ಳಿಗಳನ್ನು ನೋಡಲೇ ಇಲ್ಲ. ನೆಟ್ಟಗೆ ಆ ಎರಡರ ಹತ್ತಿರ ಹೋಗಿ ಬಗ್ಗಿ ನೋಡಿ, ಹೆಂಡತಿಯ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಬಂತು.

“ನೀನು ಮುಟ್ಟಿಲ್ಲ,” ಎಂದ. “ಹಂಗಾದ್ರೆ ಉಳಿದ ಹನ್ನೊಂದೂ ನಂದೇ.”